ಕರುಳು ಪರೀಕ್ಷೆಯ ಪೆಟ್ಟಿಗೆ: ಹನ್ನೊಂದು ಸಾವಿರಕ್ಕೆ ನನಗೆ ಸಿಕ್ಕಿದ್ದೇನು

ನಿವೃತ್ತನಾದ ಎರಡನೆಯ ವರ್ಷದಲ್ಲಿ ನನಗೆ ಮೂರು ತೊಂದರೆಗಳು ಒಂದರ ಹಿಂದೊಂದು ಕಾಣಿಸಿಕೊಂಡವು. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಕಾಲು ಸೋಲುತ್ತಿತ್ತು. ರಾತ್ರಿ ಮಲಗಿದರೆ ಪಾದಗಳಲ್ಲಿ ಜೋಮು ಹಿಡಿಯುತ್ತಿತ್ತು. ಮೂವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಹೊಟ್ಟೆಯುಬ್ಬರ ಮತ್ತು ಎದೆಯುರಿ ಇವಕ್ಕಿಂತ ಹಳೆಯವಾಗಿದ್ದರಿಂದ ಅವುಗಳನ್ನು ನಾನು ತೊಂದರೆಯೆಂದು ಎಣಿಸುವುದನ್ನೇ ಬಿಟ್ಟಿದ್ದೆ. ಇಂಥ ಸ್ಥಿತಿಯಲ್ಲಿರುವಾಗ, ಸುಸ್ತು, ಮರೆವು, ನಿದ್ರೆ, ಚರ್ಮ, ಮನಸ್ಸು ಎಲ್ಲದರ ಬೇರೂ ಕರುಳಿನಲ್ಲಿದೆ, ಮನೆಯಲ್ಲೇ ಕುಳಿತು ಅದನ್ನು ಪರೀಕ್ಷಿಸಿಕೊಳ್ಳಿ ಎಂಬ ಜಾಹೀರಾತು ಫೋನಿನಲ್ಲಿ ಮತ್ತೆ ಮತ್ತೆ ಕಂಡರೆ, ಅರುವತ್ತೆರಡರ ಮನುಷ್ಯ ಎಷ್ಟು ದಿನ ತಡೆದಾನು?

ಮಲದ ಮಾದರಿಯನ್ನು ಕೊರಿಯರ್ ಮೂಲಕ ತರಿಸಿಕೊಂಡು, ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಗುರುತಿಸಿ, ಅಂಕ ಕೊಟ್ಟು, ಆಹಾರದ ಪಟ್ಟಿಯೊಂದಿಗೆ ವರದಿ ಕಳುಹಿಸುವ ಸೇವೆ ಇದು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದು ಪೆಟ್ಟಿಗೆಗೆ 7,499 ರೂಪಾಯಿ. ದಂಪತಿಗಳಿಗೆ ಎರಡನೆಯದು ಅರ್ಧ ಬೆಲೆ ಎಂಬ ಕೊಡುಗೆಗೆ ಮರುಳಾಗಿ ಎರಡನ್ನು ತರಿಸಿದ್ದರಿಂದ ಒಟ್ಟು ಹನ್ನೊಂದು ಸಾವಿರಕ್ಕಿಂತ ತುಸು ಹೆಚ್ಚೇ ಖರ್ಚಾಯಿತು.

ಪೆಟ್ಟಿಗೆ ನೋಡಲು ಅಚ್ಚುಕಟ್ಟಾಗಿದೆ, ಮದುವೆಯ ಸಿಹಿಯ ಡಬ್ಬಿಯ ಹಾಗೆ. ಒಳಗೆ ಹತ್ತಿ ಸುತ್ತಿದ ಕಡ್ಡಿ, ಮಾದರಿ ಕೆಡದಂತೆ ಕಾಯುವ ದ್ರವವಿರುವ ಸಣ್ಣ ನಳಿಗೆ, ಕಮೋಡಿನ ಮೇಲೆ ಅಡ್ಡಲಾಗಿ ಅಂಟಿಸುವ ಕಾಗದದ ಜೋಲಿ, ಕೈಗವಸು, ವಾಪಸು ಕಳುಹಿಸುವ ಲಕೋಟೆ. ಸೂಚನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ, ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಕುವೆಂಪುನಗರದ ನಮ್ಮದು ಹಳೆಯ ಮನೆ. ಶೌಚಾಲಯ ಕುಕ್ಕರಗಾಲಿನಲ್ಲಿ ಕೂರುವಂಥದ್ದು. ಕಾಗದದ ಜೋಲಿಯನ್ನು ಎಲ್ಲಿ ಅಂಟಿಸಬೇಕೆಂಬುದನ್ನು ಪೆಟ್ಟಿಗೆ ಮಾಡಿದವರು ಯೋಚಿಸಿಯೇ ಇಲ್ಲ. ಕೊನೆಗೆ ಹಳೆಯ ದಿನಪತ್ರಿಕೆಯೇ ಆ ಕೆಲಸಕ್ಕೆ ಒದಗಿತು. ಹಾಸಿಗೆ ಹಿಡಿದವರು, ಮಂಡಿನೋವಿನವರು ಇದನ್ನು ಒಬ್ಬರೇ ಮಾಡಿಕೊಳ್ಳುವುದು ಕಷ್ಟ.

ನನ್ನ ಹೆಂಡತಿ ಮಾತ್ರ ಪೆಟ್ಟಿಗೆಯನ್ನು ಮುಟ್ಟಲೂ ಒಪ್ಪಲಿಲ್ಲ. "ಅಲ್ರೀ, ದುಡ್ಡೂ ಕೊಟ್ಟು ಇದನ್ನೂ ಕೊರಿಯರ್ ಮಾಡ್ಬೇಕಾ? ನಂದೇನೂ ಕಳಿಸ್ಬೇಡಿ" ಎಂದು ಅಡುಗೆಮನೆಗೆ ಹೋದಳು. ಹಣ ಕೊಟ್ಟು ತಂದ ವಸ್ತು ಹಾಳಾಗಬಾರದೆಂಬ ಮಧ್ಯಮ ವರ್ಗದ ಬುದ್ಧಿಯೋ, ಆಯುಷ್ಯವಿಡೀ ಲೆಕ್ಕ ತಪಾಸಣೆ ಮಾಡಿದ ಅಭ್ಯಾಸವೋ, ಅದೇ ದಿನ ಬೆಳಿಗ್ಗೆ ಅದೇ ಮಾದರಿಯಿಂದ ಎರಡನೆಯ ನಳಿಗೆಯನ್ನೂ ನಾನೇ ತುಂಬಿ, ಅವಳ ಹೆಸರಿನ ಅರ್ಜಿಯೊಂದಿಗೆ ಕಳುಹಿಸಿದೆ. ಇದು ಸರಿಯಾದ ನಡೆಯಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಈ ವಿಮರ್ಶೆಗೆ ಏನಾದರೂ ಬೆಲೆಯಿದ್ದರೆ ಅದು ಆ ಕಳ್ಳತನದಿಂದಲೇ ಬಂದದ್ದು.

ವರದಿ ಬರುವವರೆಗಿನ ಇಪ್ಪತ್ತನಾಲ್ಕು ದಿನಗಳಲ್ಲಿ ಜಾಹೀರಾತಿನ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾ ಹೋದೆ. ಅದರಲ್ಲಿ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು. ನಮ್ಮ ದೇಹದ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಟ್ಟು ಹೆಚ್ಚು ಎಂದು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಅಚ್ಚಾಗಿದೆ. ಇದು ಹಳೆಯ ಲೆಕ್ಕ. 2016ರಲ್ಲಿ ವಿಜ್ಞಾನಿಗಳು ಮತ್ತೆ ಎಣಿಸಿದಾಗ, ಸಾಧಾರಣ ಮೈಕಟ್ಟಿನ ಪುರುಷನಲ್ಲಿ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ, ದೇಹದ ಸ್ವಂತ ಕೋಶಗಳು ಸುಮಾರು 30 ಲಕ್ಷ ಕೋಟಿ ಎಂದು ಅಂದಾಜಾಯಿತು. ಅಂದರೆ ಹೆಚ್ಚುಕಡಿಮೆ ಸರಿಸಮ. ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಇನ್ನೂರು ಗ್ರಾಂ ಆಸುಪಾಸು. ಅದಕ್ಕಾಗಿ ಅವುಗಳ ಮಹತ್ವ ಕಡಿಮೆಯೇನಲ್ಲ. ನಾವು ಅರಗಿಸಿಕೊಳ್ಳಲಾರದ ನಾರನ್ನು ದೊಡ್ಡ ಕರುಳಿನಲ್ಲಿ ಇವು ಹುದುಗಿಸಿ ಬ್ಯುಟಿರೇಟ್ ಮೊದಲಾದ ಸಣ್ಣ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಆಹಾರ. ಆ ಗೋಡೆ ಗಟ್ಟಿಯಾಗಿದ್ದರೆ ಕರುಳಿನೊಳಗಿನದು ಒಳಗೇ ಉಳಿಯುತ್ತದೆ. ದೇಹದ ರೋಗನಿರೋಧಕ ಕೋಶಗಳು ಕರುಳಿನ ಆಸುಪಾಸಿನಲ್ಲೂ ಕಾವಲು ಕಾಯುವುದರಿಂದ, ಅಲ್ಲಿ ನಡೆಯುವ ಗಲಾಟೆ ದೂರದ ಕೀಲಿಗೂ ಚರ್ಮಕ್ಕೂ ತಟ್ಟುವುದು ಅಸಾಧ್ಯವಲ್ಲ.

ಮನಸ್ಸಿನ ವಿಚಾರಕ್ಕೆ ಬಂದರೆ ಜಾಹೀರಾತು ಇನ್ನಷ್ಟು ಜಾಣತನ ತೋರಿಸುತ್ತದೆ. ಸಂತೋಷದ ರಾಸಾಯನಿಕವಾದ ಸೆರಟೋನಿನ್ ಶೇ. 90ಕ್ಕಿಂತ ಹೆಚ್ಚು ಕರುಳಿನಲ್ಲೇ ತಯಾರಾಗುತ್ತದೆ ಎನ್ನುವುದು ನಿಜ. ಆದರೆ ಕರುಳಿನ ಸೆರಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು. ಅದರ ಮುಖ್ಯ ಕೆಲಸ ಕರುಳಿನ ಚಲನೆಯನ್ನು ನಡೆಸುವುದು. ಮಿದುಳು ತನಗೆ ಬೇಕಾದ ಸೆರಟೋನಿನನ್ನು ತಾನೇ ಮಾಡಿಕೊಳ್ಳುತ್ತದೆ. ಕರುಳಿಗೂ ಮಿದುಳಿಗೂ ಸಂಪರ್ಕವೇ ಇಲ್ಲವೆಂದು ಇದರರ್ಥವಲ್ಲ. ವೇಗಸ್ ಎಂಬ ಉದ್ದನೆಯ ನರದ ಎಳೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೆ, ಹೊಟ್ಟೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥವು. ಪರೀಕ್ಷೆಯ ದಿನ ಮಕ್ಕಳ ಹೊಟ್ಟೆ ಕೆಡುವುದನ್ನು, ಹೊಟ್ಟೆ ಕೆಟ್ಟ ದಿನ ದೊಡ್ಡವರ ಸಿಡುಕು ಏರುವುದನ್ನು ನೋಡಿದ ಯಾರಿಗೂ ಇದು ಹೊಸದಲ್ಲ. ಈ ಸಂಬಂಧ ಇದೆ ಎನ್ನುವುದಕ್ಕೂ, ಒಂದು ನಳಿಗೆಯಿಂದ ಅದನ್ನು ಅಳೆದು ನನ್ನ ಮನಸ್ಸಿನ ಸ್ಥಿತಿಯನ್ನು ಹೇಳಬಲ್ಲೆ ಎನ್ನುವುದಕ್ಕೂ ಬಹಳ ಅಂತರವಿದೆ. ಕಂಪನಿ ನನಗೆ ಮಾರಿದ್ದು ಆ ಅಂತರವನ್ನೇ.

ವರದಿ ನಲವತ್ತಾರು ಪುಟ. ಬಣ್ಣದ ವೃತ್ತಗಳು, ಹಸಿರು ಕೆಂಪು ಪಟ್ಟಿಗಳು, ನಡುವೆ ದೊಡ್ಡ ಅಕ್ಷರದಲ್ಲಿ ಅಂಕ. ನನ್ನ ಹೆಸರಿನಲ್ಲಿ ನೂರಕ್ಕೆ 58. ಹೆಂಡತಿಯ ಹೆಸರಿನಲ್ಲಿ ಹೋದ ನನ್ನದೇ ಮಾದರಿಗೆ 71. ನನಗೆ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮೂರು ತಿಂಗಳು ಪೂರ್ತಿ ಬಿಡಬೇಕೆಂಬ ಸಲಹೆ, ಅವಳಿಗೆ ದಿನಕ್ಕೆ ಎರಡು ಬಟ್ಟಲು ಮೊಸರು ತಿನ್ನಬೇಕೆಂಬ ಸಲಹೆ. ನನಗೆ ನಿದ್ರೆಯ ವಿಭಾಗದಲ್ಲಿ ಹಸಿರು, ಅವಳಿಗೆ ಕೆಂಪು. ವಾಸ್ತವವಾಗಿ ರಾತ್ರಿ ಎರಡು ಗಂಟೆಗೆ ಎದ್ದು ಕೂರುವವನು ನಾನು.

ಕಂಪನಿಗೆ ಅನ್ಯಾಯವಾಗದಂತೆ ಹೇಳಬೇಕಾದದ್ದೂ ಇದೆ. ಮಲದ ಒಂದು ಮೂಲೆಯಲ್ಲಿರುವ ಸೂಕ್ಷ್ಮಜೀವಿಗಳು ಇನ್ನೊಂದು ಮೂಲೆಯಲ್ಲಿ ಅದೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ. ಕೊರಿಯರ್ ಹುಡುಗ ಎರಡು ದಿನ ತಡವಾಗಿ ಬಂದದ್ದರಿಂದಲೂ, ಏಪ್ರಿಲ್ ತಿಂಗಳ ಬಿಸಿಲಿನಿಂದಲೂ ವ್ಯತ್ಯಾಸ ಬಂದಿರಬಹುದು. ಜೊತೆಗೆ ನಾನು ತುಂಬಿದ ಅರ್ಜಿಗಳಲ್ಲಿ ವಯಸ್ಸು, ಲಿಂಗ, ಕಾಯಿಲೆಗಳು ಬೇರೆ ಬೇರೆ. ಆದರೆ ಅಂಕ ಅರ್ಜಿಯಿಂದ ಬದಲಾಗುವುದಾದರೆ ಅದು ಕರುಳಿನ ಅಂಕ ಹೇಗಾಯಿತು? ಮಾದರಿಯ ಮೂಲೆಯಿಂದ ಬದಲಾಗುವುದಾದರೆ, ಹದಿಮೂರು ಅಂಕದ ಆ ವ್ಯತ್ಯಾಸದ ಮೇಲೆ ಒಬ್ಬರ ಮೊಸರನ್ನು ಕಿತ್ತುಕೊಳ್ಳುವ ಧೈರ್ಯ ಎಲ್ಲಿಂದ ಬಂತು? ಇವರು ಮಾಡುವುದು ಬ್ಯಾಕ್ಟೀರಿಯಾಗಳ 16ಎಸ್ ಎಂಬ ಒಂದು ವಂಶವಾಹಿಯನ್ನು ಓದುವ ಪರೀಕ್ಷೆ. ಯಾವ ಕುಲದ ಜೀವಿಗಳು ಎಷ್ಟು ಪಾಲು ಇವೆಯೆಂದು ಅದು ಸುಮಾರಾಗಿ ಹೇಳುತ್ತದೆ. ಅವು ಅಲ್ಲಿ ಏನು ಮಾಡುತ್ತಿವೆ ಎಂಬುದನ್ನು ಅದು ನೋಡುವುದಿಲ್ಲ, ಊಹಿಸುತ್ತದೆ. ಒಂದು ಬೀದಿಯಲ್ಲಿ ಎಷ್ಟು ಮನೆಗಳಿವೆಯೆಂದು ಎಣಿಸಿ, ಯಾರ ಮನೆಯಲ್ಲಿ ಇಂದು ಏನು ಸಾರು ಎಂದು ಹೇಳಿದ ಹಾಗೆ. ಆರೋಗ್ಯವಂತ ಕರುಳಿಗೆ ಇಂತಿಷ್ಟೇ ಜೀವಿಗಳು ಇಂತಿಷ್ಟೇ ಪ್ರಮಾಣದಲ್ಲಿರಬೇಕೆಂಬ ಒಪ್ಪಿತ ಅಳತೆಯೇ ಇನ್ನೂ ವೈದ್ಯಲೋಕದಲ್ಲಿ ಇಲ್ಲದಿರುವಾಗ, ನೂರಕ್ಕೆ ಇಷ್ಟು ಎಂಬ ಅಂಕವನ್ನು ಯಾವುದಕ್ಕೆ ಹೋಲಿಸಿ ಕೊಟ್ಟರೋ ಅವರೇ ಹೇಳಬೇಕು.

ಇಷ್ಟಾಗಿಯೂ ನಾನು ಈ ಪೆಟ್ಟಿಗೆಯನ್ನು ಬರೀ ದುಂದುವೆಚ್ಚವೆಂದು ಬಿಟ್ಟುಬಿಡುತ್ತಿದ್ದೆ. ಹಾಗೆ ಬಿಡದಂತೆ ಮಾಡಿದ್ದು ಹತ್ತೊಂಬತ್ತನೆಯ ಪುಟದ ಒಂದು ಸಾಲು: "ವಿಟಮಿನ್ ಬಿ12 ತಯಾರಿಕೆ: ಉತ್ತಮ", ಪಕ್ಕದಲ್ಲಿ ಹಸಿರು ಗುರುತು.

ವರದಿಯ ಪ್ರತಿಯನ್ನು ಹಿಡಿದುಕೊಂಡು, ನಾವು ವರ್ಷಗಳಿಂದ ನೋಡಿಸಿಕೊಳ್ಳುವ ಸರಸ್ವತಿಪುರಂನ ವೈದ್ಯರ ಬಳಿ ಹೋದೆ. ಅವರು ನಲವತ್ತಾರು ಪುಟಗಳಿಗೆ ಅರ್ಧ ನಿಮಿಷ ಕೊಟ್ಟರು. ಆಮೇಲೆ ಕಾಲಿನ ಹೆಬ್ಬೆರಳಿಗೆ ಟ್ಯೂನಿಂಗ್ ಫೋರ್ಕ್ ಮುಟ್ಟಿಸಿ ಅದರ ಕಂಪನ ತಿಳಿಯುತ್ತಿದೆಯೇ ಎಂದು ಕೇಳಿದರು, ಸರಿಯಾಗಿ ತಿಳಿಯಲಿಲ್ಲ. "ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ ತಗೋತಿದೀರಿ?" ಎಂಬುದು ಮುಂದಿನ ಪ್ರಶ್ನೆ. ಆರು ವರ್ಷ. ಬೆಳಿಗ್ಗೆ ಎದ್ದು ಕಾಫಿಗೆ ಮೊದಲು ಒಂದು ಪ್ಯಾಂಟೊಪ್ರಜೋಲ್ ನುಂಗುವುದು ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುವಷ್ಟೇ ಸಹಜವಾಗಿತ್ತು. ನನಗೆ ಅದನ್ನು ಬರೆದುಕೊಟ್ಟವರು ಎರಡು ತಿಂಗಳಿಗೆಂದು ಹೇಳಿದ್ದರು. ಔಷಧಿ ಅಂಗಡಿಯವರು ಎಂದೂ ಚೀಟಿ ಕೇಳಲಿಲ್ಲ, ನಾನು ಎಂದೂ ನಿಲ್ಲಿಸಲಿಲ್ಲ. ರಕ್ತಪರೀಕ್ಷೆಯಲ್ಲಿ ಬಿ12 ಮಿಲಿಲೀಟರಿಗೆ 142 ಪಿಕೋಗ್ರಾಂ ಬಂತು; ಇನ್ನೂರಕ್ಕಿಂತ ಕೆಳಗಿದ್ದರೆ ಕೊರತೆಯೆಂದು ಆ ಪ್ರಯೋಗಾಲಯದ ಚೀಟಿಯಲ್ಲೇ ಬರೆದಿತ್ತು. ಪರೀಕ್ಷೆಗೆ ತಗುಲಿದ್ದು ಒಂಬೈನೂರು ರೂಪಾಯಿ.

ವೈದ್ಯರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ, ಏಕೆಂದರೆ ಕರುಳಿನ ಆರೋಗ್ಯ ಇಡೀ ದೇಹವನ್ನು ಹೇಗೆ ಆಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆಹಾರದಲ್ಲಿ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದು ಜಠರದ ಆಮ್ಲ ಮತ್ತು ಪೆಪ್ಸಿನ್. ಹೀಗೆ ಬಿಡುಗಡೆಯಾದದ್ದು ಮುಂದೆ ಜಠರದಲ್ಲೇ ಸ್ರವಿಸುವ ಇನ್ನೊಂದು ಪ್ರೋಟೀನಿನ ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಹೋಗಿ, ಅಲ್ಲಿ ಮಾತ್ರ ರಕ್ತಕ್ಕೆ ಸೇರುತ್ತದೆ. ಗ್ಯಾಸ್ ಮಾತ್ರೆ ಆಮ್ಲವನ್ನೇ ತಗ್ಗಿಸುವುದರಿಂದ ಮೊದಲ ಹೆಜ್ಜೆಯೇ ತಪ್ಪುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ದಾಸ್ತಾನು ಇರುವ ಕಾರಣ ಕೊರತೆ ತಕ್ಷಣ ಗೊತ್ತಾಗುವುದಿಲ್ಲ. ದಾಸ್ತಾನು ಮುಗಿದಾಗ ರಕ್ತ, ನರ, ನೆನಪು ಮೂರಕ್ಕೂ ಪೆಟ್ಟು ಬೀಳಬಹುದು. ನನ್ನ ಸುಸ್ತು, ಜೋಮು, ಮರೆವು ಮೂರೂ ಬೇರೆ ಬೇರೆ ಕಾಯಿಲೆಗಳಾಗಿರದೆ ಒಂದೇ ಬೇರಿನ ಮೂರು ಕೊಂಬೆಗಳಾಗಿದ್ದವು. ಇದು ನನ್ನೊಬ್ಬನ ಕತೆಯೂ ಅಲ್ಲ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿ12 ಕೊರತೆಯಿದ್ದ ಸುಮಾರು 26,000 ಜನರ ದಾಖಲೆಗಳನ್ನು ಕೊರತೆಯಿಲ್ಲದವರೊಂದಿಗೆ ಹೋಲಿಸಿ ನೋಡಿದಾಗ, ಈ ವರ್ಗದ ಮಾತ್ರೆಗಳನ್ನು ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಪಡೆದವರು ಕೊರತೆಯಿದ್ದವರ ಗುಂಪಿನಲ್ಲಿ ಶೇ. 12, ಇಲ್ಲದವರ ಗುಂಪಿನಲ್ಲಿ ಶೇ. 7.2 ಇದ್ದರು. ಮಾತ್ರೆಯೇ ಕಾರಣವೆಂದು ಇದರಿಂದ ಸಾಬೀತಾಗದಿದ್ದರೂ, ವರ್ಷಗಟ್ಟಲೆ ನುಂಗುವವರು ಒಮ್ಮೆ ಪರೀಕ್ಷಿಸಿಕೊಳ್ಳಲು ಇಷ್ಟು ಸಾಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸಬಲ್ಲದು. ಹೆಂಡತಿ ಅದನ್ನು ಒಂಬತ್ತು ವರ್ಷದಿಂದ ತೆಗೆದುಕೊಳ್ಳುತ್ತಿರುವುದರಿಂದ ಅವಳ ರಕ್ತವನ್ನೂ ಪರೀಕ್ಷಿಸಲಾಯಿತು, ಅವಳದು ಗಡಿಯಲ್ಲಿತ್ತು.

ಹಾಗಾದರೆ ಹತ್ತೊಂಬತ್ತನೆಯ ಪುಟದ ಹಸಿರು ಗುರುತು ಸುಳ್ಳೇ? ಸುಳ್ಳಲ್ಲ ಎನ್ನುವುದೇ ಇದರ ತಮಾಷೆ. ದೊಡ್ಡ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಬಿ12 ತಯಾರಿಸುವುದು ಹೌದು. ಆದರೆ ಅದನ್ನು ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ತುದಿ. ಬ್ಯಾಕ್ಟೀರಿಯಾಗಳು ಬಹುಪಾಲು ವಾಸಿಸುವುದು ಅದನ್ನು ದಾಟಿದ ಮೇಲೆ. ನಾಲೆಯ ತೂಬಿಗಿಂತ ಕೆಳಗೆ ಎಷ್ಟು ನೀರು ಹರಿದರೂ ಮೇಲಿನ ಗದ್ದೆಗೆ ಹತ್ತುವುದಿಲ್ಲ ಎಂಬುದು ಮಂಡ್ಯದ ಕಡೆಯ ಯಾವ ರೈತನಿಗೂ ಗೊತ್ತಿರುವ ವಿಷಯ. ಹೀಗೆ ನನ್ನ ಮಲದಲ್ಲಿ ವಿಟಮಿನ್ ಸಮೃದ್ಧವಾಗಿರುವಾಗಲೇ ನನ್ನ ರಕ್ತದಲ್ಲಿ ಅದು ಬರಿದಾಗಿತ್ತು. ತೊಂದರೆಯ ಬೇರು ಹೊಟ್ಟೆಯಲ್ಲಿದೆ ಎಂದು ಜಾಹೀರಾತು ಹೇಳಿದ್ದು ನನ್ನ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಅದನ್ನು ಹುಡುಕಲು ಪೆಟ್ಟಿಗೆ ಹೋದದ್ದು ದಾರಿಯ ಇನ್ನೊಂದು ತುದಿಗೆ.

ಕಂಪನಿಯ ಮೇಲೆ ನನ್ನ ನಿಜವಾದ ದೂರು ಇದರ ನಂತರದ್ದು. ಅವರ ಅರ್ಜಿಯಲ್ಲಿ "ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು" ಎಂಬ ಕಾಲಂ ಇದೆ. ನನ್ನದರಲ್ಲಿ ಪ್ಯಾಂಟೊಪ್ರಜೋಲ್ ಆರು ವರ್ಷ ಎಂದೂ, ಅವಳದರಲ್ಲಿ ಮೆಟ್‌ಫಾರ್ಮಿನ್ ಎಂದೂ ಸ್ಪಷ್ಟವಾಗಿ ಬರೆದಿದ್ದೆ. "ಮುಖ್ಯ ತೊಂದರೆಗಳು" ಎಂಬಲ್ಲಿ ಜೋಮು, ಸುಸ್ತು, ಮರೆವು ಎಂದೂ ಇತ್ತು. ಉತ್ತರ ಆ ಒಂದು ಪುಟದಲ್ಲೇ ಇತ್ತು. ಅದನ್ನು ಓದಿದ ಲಕ್ಷಣ ವರದಿಯ ಯಾವ ಪುಟದಲ್ಲೂ ಇಲ್ಲ. ಅಷ್ಟೇ ಅಲ್ಲ, ನಾವು ಸಸ್ಯಾಹಾರಿಗಳು ಎಂದೂ ಬರೆದಿತ್ತು. ನಮ್ಮಂಥವರಿಗೆ ಊಟದಿಂದ ಬಿ12 ಬರುವ ದಾರಿ ಮುಖ್ಯವಾಗಿ ಹಾಲು ಮೊಸರು ಮಾತ್ರ. ಮೂರು ತಿಂಗಳು ಹಾಲು ಮೊಸರು ಬಿಡಿ ಎಂಬ ಅವರ ಸಲಹೆಯನ್ನು ಪಾಲಿಸಿದ್ದರೆ ಉಳಿದಿದ್ದ ಒಂದು ದಾರಿಯನ್ನೂ ನಾನೇ ಮುಚ್ಚಿಕೊಂಡಂತಾಗುತ್ತಿತ್ತು.

ಆಹಾರದ ಪಟ್ಟಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಓಟ್ಸ್, ಕ್ವಿನೋವಾ, ಬ್ಲೂಬೆರಿ, ಕಿಮ್ಚಿ, ಕೊಂಬುಚಾ. 1950ರಿಂದ ಕೇಂದ್ರೀಯ ಆಹಾರ ಸಂಶೋಧನಾಲಯ ಇರುವ ಊರಿಗೆ ಕಳುಹಿಸುವ ಪಟ್ಟಿಯಲ್ಲಿ ರಾಗಿಯ ಹೆಸರೇ ಇಲ್ಲ ಎಂಬುದು ಸಣ್ಣ ಸಂಗತಿಯಲ್ಲ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಮಿಗಿಂತ ಹೆಚ್ಚು ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಹುರುಳಿ, ಅವರೆ, ಬಾಳೆದಿಂಡು, ನುಗ್ಗೆಸೊಪ್ಪು ದೇವರಾಜ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕರುಳಿನ ಜೀವಿಗಳು ಬೇಡುವುದು ಈ ನಾರನ್ನೇ ಹೊರತು ವಿದೇಶದ ಹೆಸರನ್ನಲ್ಲ. ಹುದುಗಿಸಿದ ಆಹಾರವೆಂದು ಇಡ್ಲಿಯನ್ನು ಹೊಗಳುವವರು, ಹಬೆಯಲ್ಲಿ ಬೆಂದಾಗ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂಬುದನ್ನು ನೆನಪಿಡಬೇಕು. ಇಡ್ಲಿ ಸುಲಭವಾಗಿ ಜೀರ್ಣವಾಗುತ್ತದೆ, ಅದು ಬೇರೆ ಮಾತು. ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮನೆಯ ಮಜ್ಜಿಗೆಯಿದೆ. ಅದರಲ್ಲಿ ಯಾವ ತಳಿ ಎಷ್ಟು ಎಂಬ ಲೆಕ್ಕ ಇಲ್ಲದಿರುವುದರಿಂದ ಅದನ್ನು ಔಷಧಿಯೆಂದು ಕರೆಯಲಾಗದು, ಊಟವೆಂದು ಕರೆದರೆ ಸಾಕು.

ಈ ಸೇವೆಯಲ್ಲಿ ಹಣಕ್ಕೆ ತಕ್ಕದ್ದೆಂದು ನಾನು ಒಪ್ಪುವ ಭಾಗ ಒಂದೇ: ವರದಿಯ ಜೊತೆಗೆ ಸಿಗುವ ಇಪ್ಪತ್ತು ನಿಮಿಷಗಳ ಫೋನ್ ಸಮಾಲೋಚನೆ. ಕನ್ನಡದವರೇ ಬೇಕೆಂದು ಹಟ ಹಿಡಿದದ್ದಕ್ಕೆ ನಾಲ್ಕು ದಿನ ಕಾಯಬೇಕಾಯಿತು. ಆ ಹೆಣ್ಣುಮಗಳು ಚಾಮರಾಜನಗರದ ಕಡೆಯವಳು. ವರದಿಯನ್ನು ಬದಿಗಿಟ್ಟು, "ಸರ್, ರಾತ್ರಿ ಎಷ್ಟೊತ್ತಿಗೆ ಊಟ ಮಾಡ್ತೀರಿ? ಮಾಡಿದ್ಮೇಲೆ ಎಷ್ಟೊತ್ತಿಗೆ ಮಲಗ್ತೀರಿ?" ಎಂದು ಕೇಳಿದಳು. ಒಂಬತ್ತೂವರೆಗೆ ಊಟ, ಹತ್ತಕ್ಕೆ ಹಾಸಿಗೆ. ಊಟವನ್ನು ಏಳೂವರೆಗೆ ತರಲು, ರಾತ್ರಿ ಅನ್ನದ ಬದಲು ಸಣ್ಣ ಮುದ್ದೆಯನ್ನು ಸೊಪ್ಪಿನ ಸಾರಿನೊಂದಿಗೆ ತಿನ್ನಲು, ನಾರನ್ನು ಒಮ್ಮೆಲೇ ಹೆಚ್ಚಿಸದೆ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲು, ಸಂಜೆಯ ಎರಡನೆಯ ಕಾಫಿಯನ್ನು ಬಿಡಲು ಹೇಳಿದಳು. ಗ್ಯಾಸ್ ಮಾತ್ರೆಯ ವಿಚಾರವನ್ನು ವೈದ್ಯರಿಗೆ ತಪ್ಪದೆ ತಿಳಿಸಿ ಎಂದು ಮೊದಲು ಹೇಳಿದವಳೂ ಅವಳೇ. ಇದ್ಯಾವುದಕ್ಕೂ ನನ್ನ ಮಲವನ್ನು ನೋಡಬೇಕಾದ ಅಗತ್ಯವಿರಲಿಲ್ಲ.

ಈಗ ಐದು ತಿಂಗಳಾಗಿವೆ. ಮೊದಲು ಚುಚ್ಚುಮದ್ದು, ಆಮೇಲೆ ಮಾತ್ರೆಯ ರೂಪದಲ್ಲಿ ಬಿ12 ತೆಗೆದುಕೊಂಡೆ. ಸುಸ್ತು ಒಂದು ತಿಂಗಳಲ್ಲಿ ಇಳಿಯಿತು, ಹೆಸರುಗಳು ಹೆಚ್ಚುಕಡಿಮೆ ಮರಳಿವೆ, ಎಡಗಾಲಿನ ಬೆರಳುಗಳಲ್ಲಿ ಜೋಮು ಇನ್ನೂ ಉಳಿದಿದೆ. ನರದ ಪೆಟ್ಟು ನಿಧಾನವಾಗಿ ಮಾಯುತ್ತದೆ, ತಡವಾದರೆ ಪೂರ್ತಿ ಮಾಯದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದಾರೆ. ಪ್ಯಾಂಟೊಪ್ರಜೋಲನ್ನು ಅವರು ಒಮ್ಮೆಲೇ ನಿಲ್ಲಿಸಲಿಲ್ಲ; ಹಾಗೆ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕಬಹುದೆಂದು ಎರಡು ತಿಂಗಳಲ್ಲಿ ಹಂತಹಂತವಾಗಿ ಇಳಿಸಿದರು. ಹುಣ್ಣು, ರಕ್ತಸ್ರಾವದಂಥ ಕಾರಣಕ್ಕೆ ಈ ಮಾತ್ರೆ ಬೇಕೇ ಬೇಕಾದವರೂ ಇದ್ದಾರೆ, ಆದ್ದರಿಂದ ನನ್ನನ್ನು ನೋಡಿ ಯಾರೂ ತಾವಾಗಿಯೇ ಬಿಡಬಾರದು. ಹಾಗೆಯೇ ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ವಾರಗಟ್ಟಲೆ ನಿಲ್ಲದ ಭೇದಿ ಇರುವವರು ಇಂಥ ಪೆಟ್ಟಿಗೆಗೆ ಇಪ್ಪತ್ತನಾಲ್ಕು ದಿನ ಕಾಯುವುದು ಅಪಾಯ. ಇದು ಕ್ಯಾನ್ಸರನ್ನಾಗಲಿ ಹುಣ್ಣನ್ನಾಗಲಿ ಹುಡುಕುವ ಪರೀಕ್ಷೆಯೇ ಅಲ್ಲ.

ರಕ್ತಪರೀಕ್ಷೆಯ ಫಲಿತಾಂಶವನ್ನು ಲಗತ್ತಿಸಿ, ಹತ್ತೊಂಬತ್ತನೆಯ ಪುಟದ ಹಸಿರು ಗುರುತಿನ ಬಗ್ಗೆ ಕಂಪನಿಗೆ ಬರೆದೆ. ಒಂಬತ್ತು ದಿನಗಳ ನಂತರ ಉತ್ತರ ಬಂತು: ವರದಿಯು ಸಾಮಾನ್ಯ ಆರೋಗ್ಯದ ಮಾಹಿತಿಗಾಗಿ ಮಾತ್ರ, ರೋಗನಿರ್ಣಯಕ್ಕಲ್ಲ. ಅದೇ ವಾಕ್ಯ ನಲವತ್ತಾರನೆಯ ಪುಟದ ತಳದಲ್ಲಿ, ನನ್ನ ಕನ್ನಡಕಕ್ಕೂ ಸಿಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಉತ್ತರದ ಕೊನೆಯಲ್ಲಿ, 58 ಅಂಕದವರಿಗೆಂದು ಅವರೇ ತಯಾರಿಸಿದ ಪ್ರೊಬಯಾಟಿಕ್, ಅಂದರೆ ಜೀವಂತ ಬ್ಯಾಕ್ಟೀರಿಯಾಗಳ, ಕ್ಯಾಪ್ಸೂಲುಗಳ ಮೇಲೆ ಈ ತಿಂಗಳು ರಿಯಾಯಿತಿ ಇದೆ ಎಂದಿತ್ತು. ಐದಕ್ಕೆ ಒಂದೂವರೆ ನಕ್ಷತ್ರ ಕೊಡುತ್ತಿದ್ದೇನೆ. ಒಂದು ಪೂರ್ತಿಯಾಗಿ ಚಾಮರಾಜನಗರದ ಆ ಹೆಣ್ಣುಮಗಳಿಗೆ, ಉಳಿದ ಅರ್ಧ ಪೆಟ್ಟಿಗೆಯ ಅಚ್ಚುಕಟ್ಟಿಗೆ.